ಕಾಲು ಭಾರ ಎಂದು ನಂಬಿದವನು

ನನ್ನ ಗಂಡ ಲಿನೊ ಬರಿಗಾಲಲ್ಲಿ ಜೀಪ್ನಿ, ಅಂದರೆ ಜನ ತುಂಬಿಕೊಂಡು ಹೋಗುವ ಉದ್ದ ಜೀಪು, ಓಡಿಸುತ್ತಿದ್ದ. ಬಾಗಿಯೊ ಬೆಟ್ಟದೂರಿನ ಚಳಿಯಲ್ಲಿ. ಚಪ್ಪಲಿ ಸೀಟಿನ ಕೆಳಗೆ ಬಿದ್ದಿರುತ್ತಿತ್ತು. ನಿನ್ನ ಕಾಲು ಭಾರ ಅಂತ ಒಬ್ಬ ಹೇಳಿದ್ದ. ಇವನು ನಂಬಿದ.

ಹೇಳಿದವನು ರುಪೆರ್ತೊ. ಜೀಪ್ನಿ ಅವನದು. ನಮ್ಮ ಮಗಳು ಸೆಲಿಗೆ ಜ್ಞಾನಸ್ನಾನವಾದಾಗ ಮಗುವನ್ನು ಎತ್ತಿ ಹಿಡಿದ ಧರ್ಮತಂದೆಯೂ ಅವನೇ. ಆವತ್ತಿನಿಂದ ಅವನು ನನ್ನ ಗಂಡನಿಗೆ ಕುಂಪಾರೆ, ನಾನು ಅವನಿಗೆ ಕುಮಾರೆ. ನಮ್ಮಲ್ಲಿ ಒಡಹುಟ್ಟಿದವರು ಜಗಳಾಡಿ ಕೋರ್ಟು ಹತ್ತಬಹುದು. ಕುಂಪಾರೆಗೆ ಎದುರಾಡುವಂತಿಲ್ಲ.

ಜೀಪ್ನಿ ಕೆಲಸದ ಕಟ್ಟಳೆ ಹೀಗೆ. ದಿನದ ಬಾಡಿಗೆ ಮಾಲೀಕನಿಗೆ. ಡೀಸೆಲ್ ಡ್ರೈವರ್ ಕೈಯಿಂದ. ರಿಪೇರಿ ಮಾಲೀಕನ ಪಾಲು. ಕೇಳಲಿಕ್ಕೆ ನ್ಯಾಯವಾಗಿದೆ. ಆದರೆ ಗಾಡಿ ಕೆಟ್ಟು ನಿಂತರೆ ಮಾತ್ರ ಮಾಲೀಕನಿಗೆ ನೋವು. ನಿಲ್ಲದೆ ಬರೀ ಡೀಸೆಲ್ ಕುಡಿದುಕೊಂಡು ಓಡುತ್ತಿದ್ದರೆ ನೋವೆಲ್ಲ ಡ್ರೈವರ್‌ಗೆ. ರುಪೆರ್ತೊನ ಗಾಡಿ ನಿಲ್ಲುತ್ತಿರಲಿಲ್ಲ. ಕುಡಿಯುತ್ತಿತ್ತು. ಮದುವೆ ಮನೆಯಲ್ಲಿ ನನ್ನ ಮಾವ ಕುಡಿಯುತ್ತಿದ್ದ ಹಾಗೆ.

ಲಿನೊ ನಂಬುವ ಜಾತಿಯವನು. ನಾನು ಮಾರುಕಟ್ಟೆಯಲ್ಲಿ ಸೀಮೆಬದನೆ ಮಾರುತ್ತಿದ್ದಾಗ ದಿನಾ ಬಂದು ನಿಲ್ಲುತ್ತಿದ್ದ. ಕೊಳ್ಳುತ್ತಿರಲಿಲ್ಲ. ತಮಾಷೆಗೆ ಹೇಳಿದೆ, "ನಂಗೆ ಗಂಡು ಗೊತ್ತಾಗಿದೆ." ಮಾರನೇ ದಿನದಿಂದ ಪತ್ತೆ ಇಲ್ಲ. ಕೊನೆಗೆ ನಮ್ಮಮ್ಮನೇ ಹೋಗಿ ಕರೆದುಕೊಂಡು ಬಂದಳು. "ಗಂಡು ಗಿಂಡು ಯಾರೂ ಇಲ್ಲ ಮಾರಾಯ, ಅವಳ ಬಾಯಿ ಅಷ್ಟು" ಅಂದಳು. ಅದನ್ನೂ ನಂಬಿದ. ಹಾಗೆ ನಮ್ಮ ಮದುವೆಯಾಯಿತು.

ಸುಳ್ಳು ಹೇಳಲಿಕ್ಕೂ ಬರುತ್ತಿರಲಿಲ್ಲ. ಇಸ್ಪೀಟಿಗೆ ಕೂತರೆ ಒಳ್ಳೆ ಎಲೆ ಬಂದಾಗ ಕಿವಿ ಕೆಂಪಾಗುತ್ತಿತ್ತು. ಜೀಪ್ನಿ ಸ್ಟ್ಯಾಂಡಿನ ಡ್ರೈವರ್‌ಗಳು ಅವನ ಕಿವಿ ನೋಡಿಯೇ ಆಡುತ್ತಿದ್ದರು.

ಆ ವರ್ಷ ಪ್ರತಿ ಮಂಗಳವಾರ ಡೀಸೆಲ್ ಬೆಲೆ ಏರುತ್ತಿತ್ತು. ಸೋಮವಾರ ಸಂಜೆ ಬಂಕಿನ ಮುಂದೆ ಜೀಪ್ನಿಗಳ ಸಾಲು. ಸಾಲಿನಲ್ಲಿ ನಿಂತವರಿಗೆ ಬಾಯಿಗೆ ಕೆಲಸ ಬೇಕಲ್ಲ. ಒಬ್ಬೊಬ್ಬನದು ಒಂದೊಂದು ಮದ್ದು. ಬೆಳಗಿನ ಚಳಿಯಲ್ಲಿ ಡೀಸೆಲ್ ದಪ್ಪಗಿರುತ್ತದೆ, ಆಗ ಹಾಕಿಸಿದರೆ ಜಾಸ್ತಿ ಬರುತ್ತದೆ ಅಂದರು. ಲಿನೊ ಕೋಳಿ ಕೂಗುವ ಮುಂಚೆ ಬಂಕಿಗೆ ಹೋಗಿ ನಿಂತ. ಕಪ್ಪು ಹೊಗೆ ಬಂದರೆ ಇಂಜಿನ್‌ಗೆ ತಾಕತ್ತು ಅಂದರು. ನಮ್ಮ ಗಾಡಿ ಬಿಡುತ್ತಿದ್ದ ಹೊಗೆಗೆ ಹಿಂದೆ ಬರುವವರು ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದರು. ಲಿನೊ ಒಳಗೊಳಗೇ ಖುಷಿಪಟ್ಟ.

ದಾಮ್ಯಾನ್ ಅಂತ ಒಬ್ಬ ಡ್ರೈವರ್. ದಪ್ಪ ಕತ್ತಿನವನು, ಸ್ಟ್ಯಾಂಡಿನಲ್ಲಿ ಅವನ ಮಾತೇ ಮಾತು. ಅವನು ಹೇಳಿದ, "ಟ್ಯಾಂಕಿಗೆ ಎರಡು ನುಸಿ ಗುಳಿಗೆ ಹಾಕು ಲಿನೊ. ಇಂಜಿನ್ ಕುದುರೆ ಆಗತ್ತೆ." ಲಿನೊ ನಾಲ್ಕು ಹಾಕಿದ. ಗಾಡಿಯೆಲ್ಲ ಹಳೇ ಟ್ರಂಕಿನ ವಾಸನೆ. ಒಬ್ಬಳು ಮುದುಕಿ ಹತ್ತಿ ಕೂತು ಮೂಗು ಮುಚ್ಚಿಕೊಂಡು, "ಯಾವ ಹೆಣದ ಅಂಗಿ ಹಾಕ್ಕೊಂಡು ಬಂದಿದ್ದೀಯಪ್ಪಾ?" ಅಂದಳಂತೆ. ಮನೆಗೆ ಬಂದು ಅವನೇ ಹೇಳಿ ನಕ್ಕ. ಇಂಜಿನ್ ಕುದುರೆಯಾಗಲಿಲ್ಲ.

ಇಳಿಜಾರಿನಲ್ಲಿ ಇಂಜಿನ್ ಆರಿಸಿ ಬಿಡುವುದು ಇನ್ನೊಂದು. "ಇಳಿಜಾರು ದೇವರು ಕೊಟ್ಟ ಡೀಸೆಲ್" ಅನ್ನುವುದು ಅವರ ಗಾದೆ. ಮಾರುಕಟ್ಟೆಯಿಂದ ಹಳೇ ಗಣಿ ಕಾಲೊನಿಗೆ ಹೋಗುವ ದಾರಿಯಲ್ಲಿ ಅರ್ಧ ಇಳಿಜಾರೇ. ಒಂದು ದಿನ ಹಾಗೆ ಬಿಟ್ಟಾಗ, ಇಂಜಿನ್ ಬಲ ಇಲ್ಲದೆ, ಬ್ರೇಕ್ ಕಲ್ಲಾಯಿತು. ಎಷ್ಟು ಒತ್ತಿದರೂ ಇಳಿಯಲಿಲ್ಲ. ಗುಡ್ಡಕ್ಕೆ ಉಜ್ಜಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಅವತ್ತು ಅವನಿಗೆ ಬೈದಷ್ಟು ನಾನು ಯಾವತ್ತೂ ಬೈದಿಲ್ಲ. "ದೇವರು ಕೊಟ್ಟ ಡೀಸೆಲ್ ಮೇಲೆ ದೇವರ ಹತ್ರಾನೇ ಹೋಗ್ತಿದ್ದೆ" ಅಂದೆ. ಆಮೇಲೆ ಇಂಜಿನ್ ಆರಿಸಲಿಲ್ಲ.

ಗಾಡಿಯಲ್ಲೇ ಏನೋ ಊನ ಇದೆ ಅಂತ ಅವನಿಗೆ ಗೊತ್ತಾಗಿತ್ತು. ಹಿಂದಿನ ಎಡ ಚಕ್ರ ಮುಟ್ಟಿದರೆ ಸುಡುತ್ತಿತ್ತು. ನನ್ನ ಎದುರಿಗೇ ರುಪೆರ್ತೊನನ್ನು ಕೇಳಿದ. ಭಾನುವಾರ, ಚರ್ಚಿನ ಮೆಟ್ಟಿಲ ಮೇಲೆ.

"ಕುಂಪಾರೆ, ಒಂದ್ಸಲ ಡೀಸೆಲ್ ಚಿಮ್ಮೋ ನಾಜಲ್ ತೊಳೆಸಿದ್ರೆ ಚೆನ್ನಾಗಿರ್ತಿತ್ತು. ಹಿಂದಿನ ಬ್ರೇಕೂ ಹಿಡ್ಕೊಂಡಿದೆ ಅನ್ಸತ್ತೆ."

"ಗಾಡಿ ಓಡ್ತಾ ಇದ್ಯಾ?"

"ಓಡತ್ತೆ."

"ನಿಂತಿದ್ಯಾ ಎಲ್ಲಾದ್ರೂ?"

"ಇಲ್ಲ."

"ಮತ್ತೆ? ಗಾಡಿ ಸರಿಯಾಗೇ ಇದೆ. ಕುಡಿಯೋದು ಗಾಡಿ ಅಲ್ಲ ಕುಂಪಾರೆ, ನಿನ್ನ ಕಾಲು. ಕಾಲಾ ಅದು? ಎಮ್ಮೆ ಗೊರಸು." ಹೆಗಲ ಮೇಲೆ ಕೈಹಾಕಿ ಹೇಳಿದ. ಸುತ್ತ ಇದ್ದವರು ನಕ್ಕರು. ಲಿನೊನೂ ನಕ್ಕ. ಮನೆಗೆ ಬಂದು ಚಪ್ಪಲಿ ಬಿಚ್ಚಿ ತನ್ನ ಪಾದವನ್ನೇ ತಿರುಗಿಸಿ ತಿರುಗಿಸಿ ನೋಡಿದ.

ಅವತ್ತಿಂದ ಬರಿಗಾಲು. ಎಕ್ಸಲೇಟರ್ ಕೆಳಗೆ ಮೊಟ್ಟೆ ಇದೆ ಅಂದುಕೊಂಡು ಒತ್ತಬೇಕು ಅಂತ ಯಾರೋ ಹೇಳಿದ್ದರಂತೆ. ಮನೆಯಲ್ಲಿ ಕುರ್ಚಿ ಹಾಕಿ ಕೂತು ಕಾಲ ಕೆಳಗೆ ನಿಜವಾದ ಮೊಟ್ಟೆ ಇಟ್ಟುಕೊಂಡು ಕಲಿತ. ಒಡೆದ. ಇನ್ನೊಂದು ತಗೊಂಡ. ನಾನು ಬುಟ್ಟಿ ಎತ್ತಿ ಅಟ್ಟದ ಮೇಲಿಟ್ಟೆ. ಗಾಡಿ ಕುಡಿಯುವುದು ಹಾಗೇ ಇತ್ತು. ನಾವು ಒಣಮೀನು ಅನ್ನ ತಿನ್ನುವುದೂ ಹಾಗೇ ಇತ್ತು. ಬೈಗುಳ ಮಾತ್ರ ಕಾಲಿಗೆ. ಸಂಜೆ ಬಂದು, "ಇವತ್ತೂ ಕಾಲು ಭಾರ ಆಯ್ತು" ಅನ್ನುತ್ತಿದ್ದ, ಪಾಪ ಮಾಡಿ ಬಂದವನ ಹಾಗೆ.

ಆಮೇಲೆ ರುಪೆರ್ತೊ ಮನಿಲಾದಿಂದ ಉಂಗುರ ತಂದ. ಅಯಸ್ಕಾಂತದ ದಪ್ಪ ಕರಿ ಉಂಗುರ, ಡೀಸೆಲ್ ಕೊಳವೆಗೆ ಕಚ್ಚಿಸುವುದು. ಪೆಟ್ಟಿಗೆ ತುಂಬ ತಂದಿದ್ದ. "ಡೀಸೆಲ್ ಒಳಗಿನ ಕಣ ಎಲ್ಲ ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಲ್ತವೆ. ಸಾಲಾಗಿ ಹೋದ್ರೆ ಒಂದೂ ಬಿಡದೆ ಉರೀತವೆ" ಅಂತ ವಿವರಿಸಿದ. "ಮೊದಲನೇದು ನಿಂಗೆ ಕುಂಪಾರೆ. ಪುಕ್ಕಟೆ. ಗಾಡಿ ಎರಡು ದಿನ ನನ್ನ ಅಂಗಳದಲ್ಲಿ ಬಿಡು."

ಕೃತಜ್ಞತೆಗೆ ನಾನೊಂದು ಕೋಳಿ ಹಿಡಿದುಕೊಂಡು ಅವನ ಮನೆಗೆ ಹೋದೆ. ಅಂಗಳದಲ್ಲಿ ಜೀಪ್ನಿ ಮರದ ದಿಮ್ಮಿ ಮೇಲೆ ಕೂತಿತ್ತು. ಚಕ್ರ ಎಲ್ಲ ಬಿಚ್ಚಿಟ್ಟಿದ್ದರು. ಸವೆದ ಬ್ರೇಕ್ ಪಟ್ಟಿಗಳು ಒಂದು ಕಡೆ ಗುಡ್ಡೆ. ನಾಜಲ್‌ಗಳು ತಗಡಿನ ತಟ್ಟೆಯಲ್ಲಿ ಡೀಸೆಲ್‌ನಲ್ಲಿ ನೆನೆಯುತ್ತಿದ್ದವು. ಹಳೇ ಏರ್ ಫಿಲ್ಟರ್ ನೆಲ ಒರೆಸುವ ಬಟ್ಟೆಯ ಹಾಗೆ ಕಪ್ಪಾಗಿ ಬಿದ್ದಿತ್ತು, ಪಕ್ಕದಲ್ಲಿ ಹೊಸದು.

"ಒಂದು ಉಂಗುರಕ್ಕೆ ಇಷ್ಟೆಲ್ಲ ಬಿಚ್ಚಬೇಕಾ ಕುಂಪಾರೆ?" ಅಂದೆ.

"ಮದುಮಗಳಿಗೆ ಉಂಗುರ ತೊಡಿಸೋ ಮುಂಚೆ ಸ್ನಾನ ಮಾಡಿಸಲ್ವಾ ಕುಮಾರೆ?" ಅಂದ.

ನಕ್ಕೆ. ಕೋಳಿ ಕೊಟ್ಟು ಬಂದೆ. ಲಿನೊಗೆ ಹೇಳಲಿಕ್ಕೆ ಅದರಲ್ಲಿ ಏನಿದೆ ಅಂದುಕೊಂಡೆ.

ಗಾಡಿ ಹೊರಗೆ ಬಂತು. ಹೊಗೆ ಇಲ್ಲ. ಏರು ಹತ್ತುವಾಗ ಏದುಸಿರಿಲ್ಲ. ಡೀಸೆಲ್ ಉಳಿಯತೊಡಗಿತು. ಲಿನೊ ಒಂದು ಸಂಜೆ ಹಸಿ ಮೀನು ತಂದ. ಸೆಲಿ ತಲೆಯಿಂದ ಬಾಲದ ತನಕ ತಿಂದಳು. ಅವನು ಆ ಉಂಗುರವನ್ನು ಪಾದ್ರಿಗಳ ಹತ್ತಿರ ಒಯ್ದು ಮಂತ್ರಿಸಿದ ನೀರು ಹಾಕಿಸಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಸಣ್ಣ ಶಿಲುಬೆ ಬರೆದ. "ಕಾಲು ಅಲ್ಲ ನೋಡು, ನನ್ನ ಕಾಲು ಅಲ್ಲ" ಅಂತ ಎಷ್ಟು ಸಲ ಹೇಳಿದ. ಆದರೂ ಚಪ್ಪಲಿ ಹಾಕಲಿಲ್ಲ. ಭಯ.

ಸ್ಟ್ಯಾಂಡಿನಲ್ಲಿ ಕೇಳಿದರು. ಇವನು ಇದ್ದದ್ದು ಇದ್ದ ಹಾಗೆ ಹೇಳಿದ. ಕಿವಿ ಕೆಂಪಾಗಲಿಲ್ಲ. ಅಷ್ಟು ಸಾಕಾಯಿತು ಅವರಿಗೆ. ದಾಮ್ಯಾನ್ ಮೊದಲು ಕೊಂಡ. ಅವನ ಹಿಂದೆ ಉಳಿದವರು. ರುಪೆರ್ತೊನ ಪೆಟ್ಟಿಗೆ ಬರಿದಾಯಿತು, ಇನ್ನೊಂದು ಬಂತು. ಲಿನೊ ಒಂದು ಬಿಡಿಗಾಸು ಮುಟ್ಟಲಿಲ್ಲ. ಕುಂಪಾರೆಗೆ ಒಳ್ಳೆಯದಾಯಿತಲ್ಲ ಅಂತ ಅವನಿಗೆ ಸಂತೋಷ.

ಅವರ ಗಾಡಿಗಳು ಮುಂಚಿನ ಹಾಗೇ ಕುಡಿದವು.

ಮೊದಲು ಗೊಣಗಿದರು. ಆಮೇಲೆ ಕೇಳಿದರು, "ನಿಂಗೆಷ್ಟು ಕಮಿಷನ್?" ಆಮೇಲೆ ಕೇಳುವುದನ್ನೂ ಬಿಟ್ಟರು. ಕಾಫಿ ಬೆಂಚಿನಲ್ಲಿ ಅವನು ಕೂತರೆ ಉಳಿದವರು ಎದ್ದರು. ಒಂದು ಮಧ್ಯಾಹ್ನ ಉಂಗುರಗಳನ್ನೆಲ್ಲ ಹಗ್ಗಕ್ಕೆ ಪೋಣಿಸಿ, ಚಪ್ಪಲಿ ಹಾರ ಹಾಕುವ ಹಾಗೆ ಅವನ ಜೀಪ್ನಿಯ ಮೂತಿಗೆ ಹಾಕಿದರು. ಇವನು ಇಳಿದು ಬರಿಗಾಲಲ್ಲಿ ನಿಂತು ಬಿಚ್ಚಿದ. ಯಾರ ಮೇಲೂ ರೇಗಲಿಲ್ಲ. ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ, "ಅವರು ಸರಿಯಾಗಿ ಜೋಡಿಸಿಲ್ಲ ಅಂತ ಕಾಣತ್ತೆ."

ಅದಾಗಿ ಕೆಲವು ದಿನಕ್ಕೆ ಒಂದು ಉಂಗುರ ಮನೆಗೆ ತಂದ. ಅಡುಗೆಮನೆಯ ತಗಡಿನ ಗೋಡೆಗೆ ಟಕ್ ಅಂತ ಅಂಟಿಸಿದ. "ಚೆನ್ನಾಗಿ ಹಿಡಿಯತ್ತೆ. ಚಾಕು ಇಟ್ಕೋ."

ಬಿಳಿ ಶಿಲುಬೆ ಇತ್ತು ಅದರ ಮೇಲೆ. "ಇದು ನಿಂದೇ ಅಲ್ವಾ? ಗಾಡಿಗೆ?" ಅಂದೆ.

"ಹೊಸದು ಕೊಟ್ಟಿದ್ದಾನೆ ಕುಂಪಾರೆ" ಅಂದ, ಅನ್ನದ ತಟ್ಟೆ ನೋಡಿಕೊಂಡು. ದೀಪ ಸಣ್ಣದು. ಕಿವಿ ನಾನು ನೋಡಲಿಲ್ಲ.

ಆಮೇಲೆ ಅವನು ಗಾಳಿ ಅಳೆಯುವ ಕಡ್ಡಿಯೊಂದನ್ನು ಕೊಂಡ. ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಜೀಪ್ನಿಗಳ ಚಕ್ರಕ್ಕೆ ಅದನ್ನು ಚುಚ್ಚಿ ನೋಡುತ್ತಾ ಹೋಗುತ್ತಿದ್ದನಂತೆ. ಇದರಲ್ಲಿ ಗಾಳಿ ಕಡಿಮೆ, ಇದರ ಫಿಲ್ಟರ್ ಕೊಡವಿ ನೋಡಿ, ಇದರ ಚಕ್ರ ಬಿಸಿ ಇದೆ ಅಂತ. "ಈಗ ಏನ್ ಮಾರ್ತಿದ್ದೀಯಾ ಲಿನೊ? ಗಾಳಿನಾ?" ಅಂತ ನಗುತ್ತಿದ್ದರು. ಮೀನು ಮಾರುವವಳು ಬಂದು ನನಗೆ ಹೇಳಿದಾಗ ನನಗೇ ನಾಚಿಕೆಯಾಯಿತು. "ಯಾಕೆ ಹೋಗಿ ಹೋಗಿ ಉಗಿಸ್ಕೋತೀಯಾ?" ಅಂದೆ. ಕಡ್ಡಿ ಒರೆಸಿ ಜೇಬಿಗಿಟ್ಟ.

ಜೀಪ್ನಿ ಡ್ರೈವರ್‌ಗಳಿಗೆ ಉಚ್ಚೆ ತಡೆದುಕೊಳ್ಳುವುದು ರೂಢಿ. ಸಾಲು ತಪ್ಪುತ್ತದೆ ಅಂತ ಇಳಿಯುವುದಿಲ್ಲ. ಲಿನೊನ ಮೂತ್ರಪಿಂಡ ಹಾಳಾಯಿತು. ಕೊನೆಕೊನೆಗೆ ಪಾದಗಳು ನೀರು ತುಂಬಿ ದಿಂಬಿನ ಹಾಗಾದವು. ಎತ್ತಿ ಮಂಚಕ್ಕೆ ಇಡಲಿಕ್ಕೆ ನಾನೂ ಸೆಲಿಯೂ ಇಬ್ಬರೂ ಬೇಕಾಗುತ್ತಿತ್ತು. "ನೋಡು, ಈಗ ನಿಜವಾಗ್ಲೂ ಭಾರ" ಅಂದ. ಅದು ಅವನ ಕೊನೆಯ ತಮಾಷೆ. ಆ ವಾರವೇ ಹೋದ.

ಶವಪೆಟ್ಟಿಗೆ ರುಪೆರ್ತೊ ತಂದ. ಒಳ್ಳೆಯದೇ ತಂದ. ಲಿನೊನನ್ನು ಬರಿಗಾಲಲ್ಲೇ ಮಲಗಿಸಿದೆವು. ಸತ್ತವರಿಗೆ ಬೂಟು ಹಾಕಿದರೆ ಮನೆಯಲ್ಲಿ ಹೆಜ್ಜೆ ಸದ್ದು ಕೇಳುತ್ತದೆ ಅನ್ನುತ್ತಾರೆ. ಹೆಣ ಮನೆಯಲ್ಲಿರುವ ತನಕ ನಾವು ಕಸ ಗುಡಿಸುವುದಿಲ್ಲ. ಬಂದವರನ್ನು ಬಾಗಿಲ ತನಕ ಕಳಿಸಿಕೊಡುವುದೂ ಇಲ್ಲ. ಕಳಿಸಿಕೊಟ್ಟರೆ ಸಾವು ಅವರ ಹಿಂದೆ ಹೋಗುತ್ತದೆ. ಬರುತ್ತಾರೆ, ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ತಾವಾಗಿ ಎದ್ದು ಹೋಗುತ್ತಾರೆ.

ನೆರೆಯವರು ಬಂದರು, ಚರ್ಚಿನವರು ಬಂದರು. ಸ್ಟ್ಯಾಂಡಿನವರು ಬರಲಿಲ್ಲ. ನಮ್ಮ ಮನೆಯ ಮೆಟ್ಟಿಲಿಳಿದರೆ ಸ್ಟ್ಯಾಂಡು. ಹಾರ್ನ್ ಕೇಳುತ್ತದೆ, ನಗು ಕೇಳುತ್ತದೆ. ಒಬ್ಬ ಡ್ರೈವರ್ ಸತ್ತರೆ ಆ ಬೆಳಿಗ್ಗೆ ಗಾಡಿಗಳೆಲ್ಲ ದೀಪ ಹಾಕಿಕೊಂಡು ಹೆಣದ ಹಿಂದೆ ಹೋಗುವುದು ಪದ್ಧತಿ. ಕುಡುಕನಿಗೂ ಹೋಗಿದ್ದಾರೆ, ಹೆಂಡತಿಗೆ ಹೊಡೆಯುವವನಿಗೂ ಹೋಗಿದ್ದಾರೆ. ಸೆಲಿ ಕಿಟಕಿಯ ಹತ್ತಿರ ನಿಂತು ಕೇಳಿದಳು, "ಅಮ್ಮಾ, ಅಪ್ಪನ ಹಿಂದೆ ಯಾರೂ ಬರಲ್ವಾ?"

ನನಗೆ ಬೇರೇನೂ ಬೇಡವಾಗಿತ್ತು. ಅವರು ಬರಬೇಕಿತ್ತು.

ಮಣ್ಣಿನ ಹಿಂದಿನ ದಿನ ಮಧ್ಯಾಹ್ನ ದಾಮ್ಯಾನ್ ಬಂದ. ಜೊತೆಗೆ ಇನ್ನಿಬ್ಬರು. ಬಾಗಿಲ ಬಳಿಯೇ ಕೂತರು. ಕಾಫಿ ಕೊಟ್ಟರೆ ಬೇಡ ಅಂದರು. ರುಪೆರ್ತೊ ಪೆಟ್ಟಿಗೆಯ ತಲೆಯ ಹತ್ತಿರ ಮನೆಯ ಯಜಮಾನನ ಹಾಗೆ ಕೂತಿದ್ದ. ಅವರನ್ನು ನೋಡಿ, "ಒಳ್ಳೆ ಮನುಷ್ಯ ನಮ್ಮ ಲಿನೊ. ಕಾಲೊಂದು ಭಾರ" ಅಂದ.

"ನಾಲಿಗೆ ಹಗುರ" ಅಂದ ದಾಮ್ಯಾನ್.

"ಏನಂದೆ?" ಅಂತ ನಾನು ಕೇಳಿದೆ.

"ಬಿಡಿ ಅಕ್ಕಾ. ಹೆಣದ ಮುಂದೆ ಬೇಡ."

"ಹೇಳು. ಅವನಿಗಿನ್ನು ಬೇಜಾರಾಗಲ್ಲ."

"ತನ್ನ ಗಾಡಿ ಕುಡಿಯೋದು ಕಡಿಮೆ ಆಯ್ತು ಅಂತ ಲಿನೊ ಅಂದ. ಅವನ ಬಾಯಿಂದ ಬಂತು ಅಂತ ಕೊಂಡ್ವಿ. ಸುಳ್ಳು ಹೇಳಿ ಕಲ್ಲು ಮಾರ್ದ ನಮಗೆ."

"ಸುಳ್ಳಲ್ಲ. ಕಡಿಮೆ ಆಗಿದ್ದು ನಿಜ. ನಿಂಗೂ ಹಾಗೇ ಜೋಡಿಸಿದ್ರಾ? ಚಕ್ರ ಎಲ್ಲ ಬಿಚ್ಚಿ?"

"ಯಾವ ಚಕ್ರ?"

"ಉಂಗುರ ಹಾಕುವಾಗ. ನಾಜಲ್ ತೆಗೆದು ನೆನೆಸಿದ್ರಾ? ಬ್ರೇಕ್ ಪಟ್ಟಿ, ಫಿಲ್ಟರ್ ಎಲ್ಲ ಹೊಸದು ಹಾಕಿದ್ರಾ?"

ನಾನು ನಿಜವಾಗಿಯೂ ಕೇಳಿದ್ದು. ಹಾಗೆ ಜೋಡಿಸಬೇಕು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ದಾಮ್ಯಾನ್ ಬಾಯಿ ತೆರೆದವನು ಹಾಗೇ ರುಪೆರ್ತೊನ ಕಡೆ ತಿರುಗಿದ. ಉಳಿದಿಬ್ಬರೂ ತಿರುಗಿದರು.

"ಅಷ್ಟೆಲ್ಲ ಮಾಡಿಸಿದ್ಮೇಲೆ ಕೊಳವೆಗೆ ಬದನೆಕಾಯಿ ಕಟ್ಟಿದ್ರೂ ಡೀಸೆಲ್ ಉಳಿಯತ್ತೆ" ಅಂದ ದಾಮ್ಯಾನ್.

ಆಗ ನನಗೆ ಅರ್ಥವಾಯಿತು.

ರುಪೆರ್ತೊ ಕಾಫಿ ಕೆಳಗಿಟ್ಟ. "ನನ್ನ ಗಾಡಿ ನಾನು ರಿಪೇರಿ ಮಾಡಿಸ್ದೆ. ತಪ್ಪಾ? ರಿಪೇರಿ ಮಾಡ್ಸಲ್ಲ ಅಂತಿದ್ರಿ, ಮಾಡಿಸಿದ್ರೂ ತಪ್ಪಾ?"

"ಅವನಿಗೆ ಹೇಳ್ಲಿಲ್ಲ ನೀವು" ಅಂದೆ.

"ಹೇಳ್ದೆ ಕುಮಾರೆ. ಅವನಿಗೆ ಗೊತ್ತಿತ್ತು. ಉಂಗುರ ತೆಗೆದು ಓಡಿಸಿ ನೋಡಿ, ಆಮೇಲೆ ನನ್ನ ಹತ್ರ ಬಂದ. ಹೂಂ, ರಿಪೇರಿನೇ ಅಂದೆ. ಮಗಳ ಧರ್ಮತಂದೆ ಕಳ್ಳ ಅಂತ ಸ್ಟ್ಯಾಂಡಲ್ಲಿ ಕೂಗ್ತೀಯಾ, ಕೂಗು ಹೋಗು ಅಂದೆ. ಕೂಗ್ಲಿಲ್ಲ. ಅವನು ಸುಮ್ಮನಿದ್ದಿದ್ದು ನನ್ನ ತಪ್ಪಾ?"

ದಾಮ್ಯಾನ್ ನನ್ನನ್ನು ಕೇಳಿದ, "ಹೌದಾ ಅಕ್ಕಾ? ಗೊತ್ತಿತ್ತಾ ಅವನಿಗೆ?"

ಸೆಲಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಅಂದಿದ್ದರೆ ನಡೆಯುತ್ತಿತ್ತು. ರುಪೆರ್ತೊನ ಮಾತನ್ನು ಅಲ್ಲಿ ಯಾರೂ ನಂಬುತ್ತಿರಲಿಲ್ಲ. ಲಿನೊ ಏನೂ ಅರಿಯದ ಪಾಪದವನಾಗಿ ಮಣ್ಣಿಗೆ ಹೋಗುತ್ತಿದ್ದ. ಗಾಡಿಗಳೆಲ್ಲ ಬರುತ್ತಿದ್ದವು.

ಅಡುಗೆಮನೆಗೆ ಹೋದೆ. ಚಾಕು ತೆಗೆದಿಟ್ಟೆ. ಉಂಗುರ ಕಿತ್ತು ತಂದು ದಾಮ್ಯಾನ್ ಕೈಗೆ ಕೊಟ್ಟೆ. ಬಿಳಿ ಶಿಲುಬೆ ಇರುವುದು ಲಿನೊನದು ಅಂತ ಸ್ಟ್ಯಾಂಡಿಗೆಲ್ಲ ಗೊತ್ತು.

"ಗೊತ್ತಿತ್ತು" ಅಂದೆ. "ಆಗಿಂದ ಇದು ನನ್ನ ಗೋಡೆ ಮೇಲಿದೆ. ನಂಗೂ ಹೇಳಿಲ್ಲ ಅವನು."

ದಾಮ್ಯಾನ್ ಅದನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ಜೊತೆಗೆ ಬಂದ ಒಬ್ಬ ಎದ್ದು ಹೊರಟೇ ಹೋದ. ದಾಮ್ಯಾನ್ ಅಂದ, "ಅದಕ್ಕೇನಾ ಆ ಗಾಳಿ ಕಡ್ಡಿ ಹಿಡ್ಕೊಂಡು ಬರ್ತಿದ್ದದ್ದು." ಆಮೇಲೆ ಪೆಟ್ಟಿಗೆಯ ಕಡೆ ನೋಡಿಕೊಂಡು ಹೇಳಿದ, "ಒಂದಿನ ನನ್ನ ಚಕ್ರದ ಮೇಲೆ ಅಂಗೈ ಇಟ್ಟು, ಸುಡ್ತಿದೆ, ಬ್ರೇಕ್ ಹಿಡ್ಕೊಂಡಿದೆ ಅಂದ. ಕೈ ತೆಗಿ ನಾಯಿ ಅಂದೆ. ಆಮೇಲೆ ಬಿಡಿಸ್ದೆ. ಡೀಸೆಲ್ ಉಳೀತು. ಅವನಿಗೆ ಹೇಳ್ಲಿಲ್ಲ ನಾನು."

ರುಪೆರ್ತೊ ಎದ್ದ. ಟೋಪಿ ಹಾಕಿಕೊಂಡ. ನಾನೂ ಎದ್ದೆ. ಅವನ ಮೊಣಕೈ ಹಿಡಿದುಕೊಂಡೆ.

"ಇದೇನು ಕುಮಾರೆ?"

"ಬನ್ನಿ ಕುಂಪಾರೆ. ಬಾಗಿಲ ತನಕ ಕಳಿಸ್ತೀನಿ."

"ಅಕ್ಕಾ, ಬೇಡ!" ಅಂತ ಯಾರೋ ಕೂಗಿದರು. ಒಬ್ಬಳು ಮುದುಕಿ ಜಪಸರ ಎತ್ತಿಕೊಂಡಳು. ರುಪೆರ್ತೊ ಕೈ ಕೊಸರಿದ. ನಾನು ಬಿಡಲಿಲ್ಲ. ಬಾಗಿಲು ದಾಟಿಸಿದೆ, ಅಂಗಳ ದಾಟಿಸಿದೆ, ಮೆಟ್ಟಿಲ ತುದಿಗೆ ತಂದು ಬಿಟ್ಟೆ. "ಹುಷಾರಾಗಿ ಹೋಗಿ" ಅಂದೆ. ಅವನು ಆ ಮೆಟ್ಟಿಲನ್ನು ಹೇಗಿಳಿದ ಅಂತೀರಿ. ಅಷ್ಟು ಹಗುರ ಕಾಲು ನಾನು ಯಾವ ಗಂಡಸಿನದ್ದೂ ನೋಡಿಲ್ಲ.

ಮಾರನೇ ಬೆಳಿಗ್ಗೆ ರುಪೆರ್ತೊನ ಜೀಪ್ನಿ ಬೇಡ ಅಂದೆ. ಪೆಟ್ಟಿಗೆ ದಾಮ್ಯಾನ್‌ನ ಗಾಡಿಯಲ್ಲಿ ಹೋಯಿತು. ಹಿಂದೆ ದೀಪ ಹಾಕಿಕೊಂಡು ಕೆಲವರು ಬಂದರು. ಅರ್ಧಕ್ಕರ್ಧ ಬರಲಿಲ್ಲ. ಉಂಗುರಕ್ಕೆ ದುಡ್ಡು ಕೊಟ್ಟಿದ್ದು ಅವರು, ಗೊತ್ತಿದ್ದೂ ಸುಮ್ಮನಿದ್ದದ್ದು ನನ್ನ ಗಂಡ. ಬರದವರ ಮೇಲೆ ನನಗೆ ಸಿಟ್ಟಿಲ್ಲ. ಸ್ಮಶಾನದ ಇಳಿಜಾರಿನಲ್ಲಿ ಯಾರೂ ಇಂಜಿನ್ ಆರಿಸಲಿಲ್ಲ. ಸೆಲಿ ಹಿಂದೆ ತಿರುಗಿ ಗಾಡಿ ಎಣಿಸುತ್ತಿದ್ದಳು. ಎಷ್ಟು ಅಂತ ನಾನು ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ದಾಮ್ಯಾನ್ ಉಂಗುರ ವಾಪಸ್ ತಂದ. ಎಲ್ಲಿಡಬೇಕು ಅಂತ ತಿಳಿಯದೆ ನಿಂತಿದ್ದ. ನಾನೇ ತಗೊಂಡು ಗೋಡೆಗೆ ಅಂಟಿಸಿ ಚಾಕು ಇಟ್ಟೆ. ಆ ಕೆಲಸ ಅದು ಚೆನ್ನಾಗಿ ಮಾಡುತ್ತದೆ.

ರುಪೆರ್ತೊ ಮೋಸ ಮಾಡಿದ. ಅದು ನನಗೆ ಅರ್ಥವಾಗುತ್ತದೆ. ಅವನಿಗೆ ಉಂಗುರದ ಪೆಟ್ಟಿಗೆ ಖಾಲಿಯಾಗಬೇಕಿತ್ತು, ಲಿನೊನ ಬಾಯಿ ಬೇಕಿತ್ತು. ಲಿನೊನದು ಅರ್ಥವಾಗುವುದಿಲ್ಲ. ನನ್ನ ಅಡುಗೆಮನೆಯಲ್ಲಿ ಅವನು ಕೂರುವ ಜಾಗ ಆ ಗೋಡೆಗೆ ಎದುರು. ಹಾಸಿಗೆ ಹಿಡಿಯುವ ತನಕ ದಿನಾ ಅಲ್ಲೇ ಕೂತು ಉಂಡ. ತುತ್ತು ಹಿಡಿದು ಗೋಡೆ ನೋಡುತ್ತಿದ್ದ. ದಣಿದಿದ್ದಾನೆ ಅಂದುಕೊಂಡು ನಾನು ಇನ್ನೊಂದು ಸೌಟು ಅನ್ನ ಹಾಕುತ್ತಿದ್ದೆ.

ಊರಿಗೆ ಹೇಳದಿದ್ದರೆ ಬೇಡ. ಕುಂಪಾರೆಯ ಮಾನ ಅವನಿಗೆ ದೊಡ್ಡದು, ಇರಲಿ. ನಾನು ತಟ್ಟೆಯ ಈಚೆಗೇ ಕೂತಿದ್ದೆ.